ಅಗ್ಗಣಿ ಹೊತ್ತವನ ಬಾಯಿ

ಕಲ್ಲುಹೊಳೆಯ ಏಕಾಂತಯ್ಯನವರಿಗೆ ಎಪ್ಪತ್ತೆರಡು ತುಂಬಿದೆ. ಹಲ್ಲು ಇನ್ನೂ ಗಟ್ಟಿ, ಕಣ್ಣು ಚುರುಕು, ಮೂಗಂತೂ ಬೇಕಾದ್ದಕ್ಕಿಂತ ಹೆಚ್ಚು ಚುರುಕು. ಬೆಳಗಿನ ಐದಕ್ಕೆ ಹೊಳೆಯ ಮೆಟ್ಟಿಲ ಮೇಲೆ ಕಾಲಿಟ್ಟರೆ ಸಾಕು, ನಿನ್ನೆ ಊರಿನಲ್ಲಿ ಏನು ಬೇಯಿತು, ಏನು ಹಳಸಿತು, ಯಾರ ಅಟ್ಟದ ಕೊಬ್ಬರಿಗೆ ಬೂಷ್ಟು ಹಿಡಿಯಿತು, ಯಾವ ಮಗುವಿಗೆ ಹೊಟ್ಟೆ ಕೆಟ್ಟಿತು ಎಂಬುದನ್ನೆಲ್ಲ ಆ ಮೂಗು ಒಂದೇ ಉಸಿರಿಗೆ ಒಪ್ಪಿಸಿಬಿಡುತ್ತದೆ. ಊರಿನವರಿಗೆ ಈ ನಾತ ಹೊಡೆಯುವುದೇ ಇಲ್ಲ. ಅವರವರ ಮೈ ಬೆವರು ಅವರವರಿಗೆ ಹೇಗೆ ನಾರುವುದಿಲ್ಲವೋ ಹಾಗೆ ಅವರಿಗೆ ಹೊಳೆಯೂ ನಾರುವುದಿಲ್ಲ.

ಊರು ಬೆಳೆದದ್ದೇ ಈ ನೀರಿನಿಂದ. ಅರಸೀಕೆರೆ ಬಿಟ್ಟ ಉಗಿ ಇಂಜಿನ್ನಿಗೆ ದಾರಿಯಲ್ಲಿ ಒಂದು ಕಡೆ ದಾಹವಾಗುತ್ತಿತ್ತು. ಆ ದಾಹ ತೀರಿಸಲೆಂದು ಸೇತುವೆಯ ಪಕ್ಕ ಪಂಪ್‌ಹೌಸು ಬಂತು, ಅದರ ಹಿಂದೆ ಸ್ಟೇಷನ್ನು ಬಂತು, ಸ್ಟೇಷನ್ನಿನ ಬೆನ್ನಿಗೆ ಕೊಬ್ಬರಿ ಮಂಡಿಗಳು ಬಂದವು. ಗಂಡಸಿ ಕಡೆಯ ಕಾಯಿ ಗಾಡಿಗಳೆಲ್ಲ ಇಲ್ಲಿಗೇ ಇಳಿಯತೊಡಗಿದವು. ಮಠ ಮೊದಲಿನಿಂದಲೂ ಇತ್ತು, ಕೇಶವನ ಗುಡಿಯೂ ಅದರ ನಾಲ್ಕು ಮನೆಯ ಅಗ್ರಹಾರವೂ ಇದ್ದವು. ಏಕಾಂತಯ್ಯನವರು ಇಪ್ಪತ್ತೆರಡನೆಯ ವಯಸ್ಸಿಗೆ ಪಂಪ್‌ಹೌಸಿನಲ್ಲಿ ಕೆಲಸಕ್ಕೆ ಸೇರಿದರು. ಈ ನೀರು ಕುಡಿದ ಇಂಜಿನ್ನಿನ ಹೊಟ್ಟೆಯಲ್ಲಿ ಗಸಿ ಕಟ್ಟುವುದಿಲ್ಲ ಎಂದು ಡ್ರೈವರುಗಳು ಹೇಳುತ್ತಿದ್ದರು. ಫೈರ್‌ಮನ್ನುಗಳು ಇಂಜಿನ್ನಿಗೆ ಕುಡಿಸುವ ಮೊದಲು ತಾವೇ ಒಂದು ಬೊಗಸೆ ಕುಡಿದು, ಕರಿಹಿಡಿದ ಮುಖಕ್ಕೆ ಒಂದು ಬೊಗಸೆ ಎರಚಿಕೊಳ್ಳುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ಅಯ್ಯನವರ ಎದೆ ಉಬ್ಬುತ್ತಿತ್ತು, ತಾವೇ ಹಡೆದ ಹೊಳೆಯೇನೋ ಎಂಬಂತೆ. ಉಗಿ ಹೋಗಿ ಡೀಸೆಲ್ ಬಂದ ಮೇಲೆ ಪಂಪ್‌ಹೌಸಿಗೆ ಬೀಗ ಬಿತ್ತು. ಅವರು ಲೈನಿನ ಮೇಲೆ ಸುತ್ತಿಗೆ ಹಿಡಿದು ನಡೆದರು, ವಯಸ್ಸು ತುಂಬಿದಾಗ ಪಿಂಚಣಿ ಹಿಡಿದು ಮನೆಗೆ ಬಂದರು.

ಅದು ರೈಲ್ವೆಯ ಚಾಕರಿ. ಅದಕ್ಕಿಂತ ಹಳೆಯ ಚಾಕರಿ ಇನ್ನೊಂದಿತ್ತು. ಮಠದ ಗದ್ದುಗೆಯ ಲಿಂಗಕ್ಕೆ ಬೆಳಗಿನ ಪೂಜೆಯ ನೀರು, ಅಂದರೆ ಅಗ್ಗಣಿ, ಹೊಳೆಯಿಂದಲೇ ಬರಬೇಕು, ಏಕಾಂತಯ್ಯನವರ ಮನೆತನದವರೇ ತರಬೇಕು. ಹೊಳೆಯಲ್ಲಿ ಮುಳುಗಿ, ಒದ್ದೆ ಪಂಚೆಯಲ್ಲೇ ತಾಮ್ರದ ಬಿಂದಿಗೆ ತುಂಬಿ ಹೆಗಲಿಗೇರಿಸಿದರೆ ಮಠದ ಹೊಸ್ತಿಲಿನವರೆಗೆ ಎಲ್ಲೂ ಇಳಿಸುವಂತಿಲ್ಲ, ಬಾಯಿ ತೆರೆಯುವಂತಿಲ್ಲ. ಅಪ್ಪಿತಪ್ಪಿ ಒಂದು ಮಾತು ಬಂದರೂ ಆ ನೀರು ಕೆಟ್ಟಿತೆಂದೇ ಲೆಕ್ಕ. ಹೊಂಗೆ ಮರದ ಬುಡಕ್ಕೆ ಸುರಿದು, ಮತ್ತೆ ಮುಳುಗಿ, ಮತ್ತೆ ತುಂಬಬೇಕು. ಅಪ್ಪ ಅವರಿಗೆ ಇನ್ನೊಂದು ಮಾತನ್ನೂ ಕಟ್ಟಿಕೊಟ್ಟಿದ್ದರು: ಅಗ್ಗಣಿ ದಾರಿಯಲ್ಲಿ ಕಂಡದ್ದನ್ನು ಊರೊಳಗೆ ಆಡಬಾರದು. ಅಪ್ಪನ ಕಾಲಕ್ಕೆ ಅದು ಸರಿಯೇ ಇತ್ತು. ಆಗ ಆ ದಾರಿಯಲ್ಲಿ ಕಾಣುತ್ತಿದ್ದದ್ದು ಹೆಚ್ಚೆಂದರೆ ತವರಿಗೆ ಓಡಿಹೋಗುವ ಸೊಸೆ, ಕದ್ದು ಬೀಡಿ ಸೇದುವ ಹುಡುಗ.

ಈಗ ಕಾಣುವುದು ಬೇರೆ. ಊರಿನ ಮರ್ಯಾದಸ್ಥರು ಹೊಳೆಗೆ ಕಸ ಎಸೆಯಲು ಆರಿಸಿಕೊಂಡಿರುವ ಹೊತ್ತೇ ಅಗ್ಗಣಿಯ ಹೊತ್ತು. ಆಗ ಹೊಳೆಯ ಹತ್ತಿರ ಇರುವ ಮನುಷ್ಯ ಒಬ್ಬನೇ, ಅವನು ಬಾಯಿ ತೆರೆಯುವಂತಿಲ್ಲ. ಇಷ್ಟು ಅನುಕೂಲದ ಸಾಕ್ಷಿ ಬೇರೆ ಯಾವ ಊರಿಗೆ ಸಿಕ್ಕೀತು? ಬರುತ್ತಾರೆ, ಕವರು ಎಸೆಯುತ್ತಾರೆ, ಅದೇ ಕೈಯನ್ನು ತಿರುಗಿ ಅಯ್ಯನವರಿಗೆ ಮುಗಿಯುತ್ತಾರೆ, ಹೋಗುತ್ತಾರೆ. ರೈಲು ಸೇತುವೆಯ ಕೆಳಗೆ ಒಡ್ಡು ಕಟ್ಟಿದ ಮೇಲೆ ನೀರಿಗೆ ಓಟವೂ ಇಲ್ಲ. ಎಸೆದದ್ದು ಎಸೆದಲ್ಲೇ ಕೊಳೆತು, ಉಬ್ಬಿ, ಒಡೆದು, ಮೇಲೊಂದು ಹಸಿರು ಕೆನೆ ಕಟ್ಟುತ್ತದೆ. ಅದರಲ್ಲಿ ಅತಿ ಹೆಚ್ಚು ತೇಲುವುದು ಯಾವುದೆಂದರೆ ದೇವರು. ಗಾಜು ಒಡೆದ ಪಟ, ಬಣ್ಣ ಹೋದ ಕ್ಯಾಲೆಂಡರು, ಬಾಡಿದ ಹಾರ, ಉರಿದ ಬತ್ತಿ. ದೇವರನ್ನು ಕಸದ ಆಟೋಗೆ ಹಾಕಿದರೆ ಪಾಪ ಬರುತ್ತದೆಂದು ಪ್ಲಾಸ್ಟಿಕ್ ಕವರಿಗೆ ತುಂಬಿ, ಎರಡೆರಡು ಗಂಟು ಹಾಕಿ, ಚರಂಡಿ ಬಂದು ಸೇರುವ ಜಾಗಕ್ಕೆ ಎಸೆದು ಪುಣ್ಯ ಕಟ್ಟಿಕೊಳ್ಳುವ ಜನ ಇವರು. ತಾವು ಮಾತ್ರ ಕುಡಿಯುವುದು ಮಠದ ಎದುರಿನ ಶುದ್ಧ ನೀರಿನ ಘಟಕದ್ದು. ಐದು ರೂಪಾಯಿ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಂಡು ಹೋಗುತ್ತಾರೆ. ಲಿಂಗಕ್ಕೆ ಹೊಳೆ, ಇವರಿಗೆ ಘಟಕ.

ಶ್ರಾವಣದ ಮೂರನೆಯ ಸೋಮವಾರ ಅಯ್ಯನವರ ಸಹನೆ ಒಡೆಯಿತು. ಅಂದು ಬಿಂದಿಗೆಯ ನೀರನ್ನು ಮಠದ ಹಂಡೆಗೆ ಸೋಸುವಾಗ ಬಟ್ಟೆಯ ಮೇಲೆ ಏನೋ ಉಳಿಯಿತು. ಎಲೆ ಇರಬೇಕೆಂದು ಎತ್ತಿದರು. ಅದು ಯಾರದೋ ಹುಣ್ಣಿಗೆ ಸುತ್ತಿದ್ದ ಪಟ್ಟಿ, ಕೀವು ಇನ್ನೂ ಹಳದಿಗಟ್ಟಿ ಅಂಟಿಕೊಂಡಿತ್ತು. ಗದ್ದುಗೆಯ ಮುಂದೆ ಸ್ವಾಮಿಗಳು ಕೂತಿದ್ದರು, ಹಿಂದೆ ಮುನ್ನೂರು ಜನ ಕೈಮುಗಿದಿದ್ದರು. ಅಯ್ಯನವರು ಪಟ್ಟಿಯನ್ನು ಮುಷ್ಟಿಯಲ್ಲಿ ಹಿಸುಕಿ ಹಿಡಿದು ತುಟಿ ಬಿಗಿದು ನಿಂತರು. ಆ ನೀರು ಲಿಂಗದ ಮೇಲೆ ಹರಿಯಿತು, ಬಟ್ಟಲಿಗೆ ಇಳಿಯಿತು, ಮುನ್ನೂರು ಬಾಯಿಗೆ ಹೋಯಿತು. ಸರತಿ ಬಂದಾಗ ಅವರೂ ಕೈಯೊಡ್ಡಿದರು, ಅವರೂ ಕುಡಿದರು.

ಮನೆಗೆ ಬಂದವರು ಹಿತ್ತಲಲ್ಲಿ ಕೂತು ಕರುಳು ಕಿತ್ತು ಬರುವಂತೆ ವಾಂತಿ ಮಾಡಿದರು. ಹೆಂಡತಿ ಕಾಂತಮ್ಮ ಬೆನ್ನು ನೀವುತ್ತ, "ಏನ್ ತಿಂದ್ರಿ ಅಂಥಾದ್ದು?" ಎಂದು ಕೇಳಿದರು.

"ತಿನ್ಲಿಲ್ಲ ಕಣೇ, ಕುಡುದೆ. ಊರಿಗೆಲ್ಲ ಕುಡಿಸ್ದೆ."

ಅಂದಿನಿಂದ ಅವರಿಗೆ ಒಂದೇ ಚಿಂತೆ. ಅಗ್ಗಣಿ ಹೊರುವುದು ಬಿಟ್ಟರೆ ಐದು ತಲೆಮಾರಿನ ಚಾಕರಿ ತಮ್ಮ ಹೆಗಲ ಮೇಲೆ ಸಾಯುತ್ತದೆ. ಹೊತ್ತರೆ ಲಿಂಗದ ತಲೆಗೆ ಕೀವು ಸುರಿಯಬೇಕು. ಇನ್ನೂ ಮೇಲಕ್ಕೆ ಹೋಗಿ ತುಂಬೋಣವೆಂದರೆ ಮೇಲಿನ ಊರಿನ ಚರಂಡಿ ಬಾಯಿ ತೆರೆದುಕೊಂಡು ಅಲ್ಲೇ ಕಾದಿದೆ. ಕಡೆಯ ಸೋಮವಾರ ಹೊಳೆಗೆ ಇಳಿಯುವಾಗ ಅವರು ಮನಸ್ಸಿನಲ್ಲೇ ಒಂದು ಗಡಿ ಹಾಕಿಕೊಂಡರು: ಈವತ್ತು ಒಂದು ದಿನ, ಒಂದೇ ಒಂದು ದಿನ, ಯಾರೂ ಏನೂ ಎಸೆಯದಿದ್ದರೆ ಬಾಯಿ ಮುಚ್ಚಿಕೊಂಡು ಹೊರುತ್ತೇನೆ. ಎಸೆದರೆ ಮಾತಾಡುತ್ತೇನೆ.

ಐದೂವರೆಗೆ ಬಿಂದಿಗೆ ತುಂಬಿತು. ಎರಡು ಮೆಟ್ಟಿಲು ಹತ್ತಿದ್ದರೋ ಇಲ್ಲವೋ, ಅಗ್ರಹಾರದ ರಾಮಾನುಜ ಮೇಷ್ಟ್ರು ಟಾರ್ಚು ಬಿಡುತ್ತ ಬಂದರು. ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳ ಉಗುರು ನೋಡಿ ಬೆತ್ತ ಬೀಸಿದವರು. ಕೈಯಲ್ಲಿ ಗುಡಿಯ ಬಾಡಿದ ಹೂವಿನ ಕವರು.

"ನಮಸ್ಕಾರ ಅಯ್ಯನವರೇ. ಮಾತಾಡಬೇಡಿ, ಮಾತಾಡಬೇಡಿ, ನಿಮ್ಮ ನಿಯಮ ನನಗೆ ಗೊತ್ತು" ಎನ್ನುತ್ತ ಮೇಷ್ಟ್ರು ತೋಳು ಬೀಸಿದರು. ಕವರು ನೀರಿಗೆ ಬಿದ್ದು ದಪ್ಪಗೆ ಸದ್ದಾಯಿತು.

"ಮೇಷ್ಟ್ರೇ, ಅದನ್ನ ಎತ್ಕೊಳಿ."

ಮೇಷ್ಟ್ರು ಟಾರ್ಚನ್ನು ಅಯ್ಯನವರ ಮುಖಕ್ಕೆ ಬಿಟ್ಟರು. "ಅಯ್ಯಯ್ಯೋ! ಮಾತಾಡಿಬಿಟ್ಟಿರಲ್ಲ! ಅಗ್ಗಣಿ ಕೆಟ್ಟಿತಲ್ಲ!"

"ನಾನು ಮಾತಾಡಿದ್ದಕ್ಕೆ ಕೆಟ್ಟಿದ್ದಾ? ನೀವು ಎಸೆದಾಗ ಕೆಡಲಿಲ್ವಾ?"

"ಅದು ದೇವರ ಹೂವು ಅಯ್ಯನವರೇ. ತುಳಿಯೋ ಜಾಗಕ್ಕೆ ಹಾಕೋಕಾಗುತ್ತಾ?"

"ಅದುಕ್ಕೇ ಕುಡಿಯೋ ಜಾಗಕ್ಕೆ ಹಾಕಿದ್ರಾ? ಹೂವು ಸರಿ, ಆ ಪ್ಲಾಸ್ಟಿಕ್ ಕವರು ಯಾವ ದೇವ್ರ ಮೈಮೇಲಿತ್ತು?"

ಮೇಷ್ಟ್ರು ಟಾರ್ಚು ಆರಿಸಿದರು. ಈ ಮುದುಕನಿಗೆ ಅರಳುಮರಳು ಹಿಡಿಯಿತೆಂದು ಗೊಣಗುತ್ತ, ಪಂಚೆ ಎತ್ತಿ ಕಟ್ಟಿ ಸರಸರ ನಡೆದರು. ಅಯ್ಯನವರು ಬಿಂದಿಗೆಯನ್ನು ಹೊಂಗೆಯ ಬುಡಕ್ಕೆ ಬರಿದು ಮಾಡಿ, ಮತ್ತೆ ಮುಳುಗಿ, ಮತ್ತೆ ತುಂಬಿದರು. ಮುಳುಗಿ ಎದ್ದ ಮೈಗೆ ಜಿಡ್ಡು ಹತ್ತಿತ್ತು. ಗಡ್ಡದಲ್ಲಿ ಬಾಡಿದ ಸೇವಂತಿಗೆಯ ಎಸಳೊಂದು ಸಿಕ್ಕಿಕೊಂಡಿತ್ತು. ಅಸಹ್ಯವಾಗಿ ಕಿತ್ತು ಒಗೆದರು.

ಎರಡನೆಯ ಸಲ ಮೆಟ್ಟಿಲ ತುದಿಗೆ ಬಂದಿದ್ದಾಗ ಸ್ಕೂಟರಿನ ದೀಪ ಕಣ್ಣಿಗೆ ಹೊಡೆಯಿತು. ಕುಮಾರಸ್ವಾಮಿ. ಕೊಬ್ಬರಿ ಮಂಡಿಯ ಯಜಮಾನ, ಮಠದ ಸಮಿತಿಯ ಅಧ್ಯಕ್ಷ, ಅಂದಿನ ಪೂಜೆಗೆ ಗದ್ದುಗೆಯ ಮುಂದೆ ಹೆಂಡತಿಯೊಡನೆ ಕೂರಬೇಕಾದವನು. ಇಸ್ತ್ರಿ ಮಾಡಿದ ಬಿಳಿ ಪಂಚೆ, ಹಣೆ ತುಂಬ ವಿಭೂತಿ. ಸ್ಕೂಟರಿನ ಕಾಲಿಡುವ ಜಾಗದಲ್ಲಿ ಎರಡು ಮೂಟೆ. ಕೌಟು ಹಿಡಿದ ಕೊಬ್ಬರಿಯ ನಾತ ಅವನಿಗಿಂತ ಮೊದಲೇ ಬಂದು ಮುಟ್ಟಿತು.

ಅವನು ಅಯ್ಯನವರನ್ನು ನೋಡಿ ಗೌರವದಿಂದ ಚಪ್ಪಲಿ ಬಿಟ್ಟ. ಬರಿಗಾಲಲ್ಲಿ ನಿಂತು ಮೊದಲ ಮೂಟೆಯನ್ನು ಉರುಳಿಸಿದ. ಹುಳ ಬಿದ್ದ, ಬೂಷ್ಟು ಬೆಳೆದ ಕೊಬ್ಬರಿ ಚೂರುಗಳು ಕೆನೆಯ ಮೇಲೆ ಹರಡಿಕೊಂಡವು.

"ಕುಮಾರಸ್ವಾಮಿ, ಇನ್ನೊಂದನ್ನ ಮುಟ್ಟಬ್ಯಾಡ."

ಅವನು ಬೆಚ್ಚಿಬಿದ್ದ. "ಅಯ್ನೋರೆ! ಇದೇನು, ಬಾಯ್ ಬಿಟ್ರಿ?"

"ಬಿಟ್ಟೆ. ಎರಡ್ನೇ ಸಲ ಬಿಟ್ಟೆ. ನಿನ್ನ ಕೊಬ್ಬರಿ ಹುಳ ಇನ್ನೊಂದು ಗಳಿಗೆಗೆ ಲಿಂಗದ ಮೇಲೆ ಹರೀತಾವೆ, ಆಮೇಲೆ ನಿನ್ನ ಬಾಯೊಳಗೆ. ಬಾಯ್ ಬಿಡದೆ ಏನ್ ಮಾಡ್ಲಿ?"

"ಹೊಳೆ ಅಂದ್ರೆ ಗಂಗಮ್ಮ ಕಣ್ರೀ. ಎಲ್ಲಾನೂ ಹೊಟ್ಟೆಗೆ ಹಾಕ್ಕೋತಾಳೆ. ಅವ್ಳಿಗೆ ಎಂಥಾ ಮೈಲಿಗೆ?"

"ಹಂಗಾರೆ ನಿಮ್ಮನೆ ಕ್ಯಾನಿಗೂ ಗಂಗಮ್ಮನ್ನೇ ತುಂಬ್ಸು. ಘಟಕದ ಮುಂದೆ ಯಾಕೆ ಸಾಲು ನಿಂತ್ಕೋತೀಯ?"

ಕುಮಾರಸ್ವಾಮಿ ನಕ್ಕ. ಸಿಕ್ಕಿಬಿದ್ದ ದೊಡ್ಡ ಮನುಷ್ಯರು ನಗುವ ನಗು. "ಬೆಳಿಗ್ಗೆ ಬೆಳಿಗ್ಗೆ ಏನ್ರೀ ಇದು. ಏಳು ಗಂಟೆಗೆ ಪೂಜೆ ಐತೆ. ಮಠದ ಬುದ್ಧಿಯೋರು ನಿನ್ನೆಯಿಂದ ಉಪವಾಸ ಅವ್ರೆ. ತುಂಬ್ಕೊಂಡು ಬನ್ನಿ, ನಾನು ಇನ್ನೊಂದು ಮೂಟೆ ಹಾಕಲ್ಲ, ಸರೀನಾ?" ಹಾಗೆಂದವನು ಹೋಗಲಿಲ್ಲ. ಮೂಟೆಯನ್ನು ಸ್ಕೂಟರಿಗೆ ಒರಗಿಸಿ ಅಲ್ಲೇ ಕಲ್ಲಿನ ಮೇಲೆ ಕೂತ. ಅಯ್ಯನವರು ಮರೆಯಾದ ಕೂಡಲೇ ಹಾಕುವ ಹುನ್ನಾರ ಅವನ ಮುಖದ ಮೇಲೆ ಬರೆದಂತಿತ್ತು.

ಎರಡನೆಯ ಬಿಂದಿಗೆಯೂ ಹೊಂಗೆಯ ಬುಡ ಸೇರಿತು. ಅಯ್ಯನವರು ಮೂರನೆಯ ಸಲ ಮುಳುಗಿ ತುಂಬಿದರು. ಅಷ್ಟರಲ್ಲಿ ಬೆಳಕು ಹರಿದಿತ್ತು. ಮಠದ ಅಡುಗೆಯ ಪುಟ್ಟರಾಜು ಏದುಸಿರು ಬಿಡುತ್ತ ಓಡಿಬಂದ.

"ಅಯ್ನೋರೆ, ಜನ ಎಲ್ಲಾ ಬಂದು ಕೂತವ್ರೆ. ಹುಗ್ಗಿ ಇಳ್ಸಿ ಆಯ್ತು, ಪಾಯ್ಸ ತಳ ಹಿಡೀತಾ ಐತೆ. ಪೂಜೆ ಆಗ್ದೆ ಒಂದು ಎಲೆ ಹಾಕಂಗಿಲ್ಲ. ಬೇಗ ಬನ್ನಿ ಸ್ವಾಮಿ!"

ಅಯ್ಯನವರು ತಲೆಯಾಡಿಸಿದರು. ಬಿಂದಿಗೆ ಹೆಗಲ ಮೇಲಿತ್ತು. ಪುಟ್ಟರಾಜು ಮುಂದೆ, ಅವರು ಹಿಂದೆ. ಕುಮಾರಸ್ವಾಮಿ ಎದ್ದು ನಿಂತು ದಾರಿ ಬಿಟ್ಟ. ಇನ್ನು ಮುನ್ನೂರು ಹೆಜ್ಜೆ ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಮುಗಿಯುತ್ತಿತ್ತು.

ಆಗ ಪಂಪ್‌ಹೌಸಿನ ಹಿಂದಿನ ಓಣಿಯಿಂದ ಒಬ್ಬ ಹೆಣ್ಣುಮಗಳು ಬಂದಳು. ತಲೆಯ ಮೇಲೆ ಸೆರಗು, ಕೈಯಲ್ಲಿ ಉಬ್ಬಿದ ಕರಿ ಕವರು. ಮುಖ ಮರೆಸಿಕೊಂಡಿದ್ದರೂ ನಡಿಗೆ ಮರೆಸಲಾಗುವುದಿಲ್ಲ. ಅಯ್ಯನವರ ಸೊಸೆ, ಹೇಮಲತಾ. ಮಗ ಶರತ್ಚಂದ್ರ ಅರಸೀಕೆರೆಯ ಡಿಪೋಗೆ ಐದರ ಬಸ್ಸಿಗೇ ಹೋಗಿರುತ್ತಾನೆ. ಮೊಮ್ಮಗಳು ಮೇಘಶ್ರೀ ಹುಟ್ಟಿದ ಮೇಲೆ ವಾರಕ್ಕೆ ಎರಡು ಸಲ ಈ ಕರಿ ಕವರು ಹೊಳೆಗೆ ಬರುತ್ತಿತ್ತು. ಅದು ಅಯ್ಯನವರಿಗೆ ಹೊಸದಲ್ಲ. ಹತ್ತು ಹನ್ನೆರಡು ಸಲ ಕಂಡಿದ್ದರು. ಕಂಡಾಗಲೆಲ್ಲ ಕತ್ತು ಬೇರೆ ಕಡೆ ತಿರುಗಿಸಿ, ಯಾರೋ ಇರಬೇಕು ಎಂದು ತಮಗೆ ತಾವೇ ಹೇಳಿಕೊಂಡಿದ್ದರು. ಅಪ್ಪ ಕಟ್ಟಿಕೊಟ್ಟ ಮಾತು ಆಗೆಲ್ಲ ಬಹಳ ಒದಗಿಬಂದಿತ್ತು.

ಕವರು ನೀರಿಗೆ ಬಿತ್ತು. ಹಳೆಯ ಒಂದು ಕವರು ಅಲ್ಲೇ ಒಡೆದು, ಮಗುವಿನ ಡೈಪರುಗಳು ಸತ್ತ ಮೀನಿನಂತೆ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಕುಮಾರಸ್ವಾಮಿ ಕವರನ್ನು ನೋಡಿದ, ಹೇಮಲತಾಳನ್ನು ನೋಡಿದ, ಆಮೇಲೆ ನಿಧಾನವಾಗಿ ಅಯ್ಯನವರನ್ನು ನೋಡಿದ. ಈಗ ಮಾತಾಡಿ ನೋಡೋಣ ಎಂಬಂತೆ ಎರಡೂ ಕೈ ಕಟ್ಟಿಕೊಂಡ.

ಮುಂದೆ ಪುಟ್ಟರಾಜು ಕೈಸನ್ನೆ ಮಾಡುತ್ತಿದ್ದ. ಅಯ್ಯನವರ ಹೆಗಲ ಮೇಲೆ ನೀರು ತುಳುಕಿ ಕಿವಿಯ ಹಿಂದೆ ಇಳಿಯಿತು.

"ಹೇಮಾ" ಎಂದರು.

ಅವಳು ಸಿಡಿಲು ಬಡಿದಂತೆ ನಿಂತಳು. ಸೆರಗು ಜಾರಿತು. "ಮಾವ, ನೀವು ಮಾತಾಡ್ಬಾರ್ದಲ್ವಾ?"

"ಮಾತಾಡಲ್ಲ ಅಂತಾನೇ ಈ ಹೊತ್ತಿಗೆ ಬಂದ್ಯಾ ತಾಯಿ? ನನ್ನ ಮೊಮ್ಮಗಳ ಹೇಲನ್ನ ನಾನೇ ಹೊತ್ಕೊಂಡು ಹೋಗಿ ಲಿಂಗಕ್ಕೆ ಸುರೀಲಾ?"

ಕುಮಾರಸ್ವಾಮಿ ಕಿಸಕ್ಕನೆ ನಕ್ಕ. "ನಿಮ್ಮನೇದೇ ಹಿಂಗಿದ್ಮೇಲೆ ನಮಗ್ಯಾಕ್ರೀ ಮಂಗಳಾರತಿ ಮಾಡಿದ್ರಿ?"

ಆ ನಗೆಯೇ ಹೇಮಲತಾಳನ್ನು ಕೆರಳಿಸಿತು. ನಾಚಿಕೆ ಹೋಗಿ ಸಿಟ್ಟು ಬಂತು. "ಎಲ್ಲಿಗೆ ಹಾಕ್ಲಿ ಮಾವ? ಕಸದ ಆಟೋದವ್ನು ಇದನ್ನ ಮುಟ್ಟಲ್ಲ ಅಂತಾನೆ. ಸುಟ್ರೆ ಬೀದಿಯೋರು ಬೈತಾರೆ. ಹಿತ್ಲಲ್ಲಿ ಹೂತ್ರೆ ನಾಯಿ ಕೆದರ್ತವೆ. ನೀವು ನನ್ನ ಎಷ್ಟು ಸಲ ನೋಡಿಲ್ಲ? ಊರೋರನ್ನೆಲ್ಲ ನೋಡಿಲ್ಲ? ನಲವತ್ತು ವರ್ಷ ನೋಡ್ಕೊಂಡು ಸುಮ್ನಿದ್ದೋರು ನೀವು. ಬಿಂದಿಗೆ ಇಳಿಸಿದ್ ಮೇಲಾದ್ರೂ ಒಂದು ಮಾತು ಹೇಳಿದ್ರಾ?"

ಕೊಬ್ಬರಿಯ ಹುಳಕ್ಕೂ ಕೀವಿನ ಪಟ್ಟಿಗೂ ಬಾರದಷ್ಟು ಹೇಸಿಗೆ ಅಯ್ಯನವರಿಗೆ ಆಗ ತಮ್ಮ ಮೇಲೇ ಬಂತು. ಈ ಹೊಳೆಯನ್ನು ಊರಿನವರು ಕವರು ಎಸೆದು ಕೊಂದರು, ತಾವು ಬಾಯಿ ಮುಚ್ಚಿ ಕೊಂದರು. ಅದಕ್ಕೆ ಮಡಿ ಎಂದು ಹೆಸರಿಟ್ಟುಕೊಂಡು ನಲವತ್ತು ವರ್ಷ ಎದೆ ಸೆಟೆಸಿ ನಡೆದರು. ಮೂರನೆಯ ಬಿಂದಿಗೆಯನ್ನು ಹೊಂಗೆಯ ಬುಡಕ್ಕೆ ಕೊಂಡೊಯ್ಯಲೂ ಮನಸ್ಸಾಗಲಿಲ್ಲ. ನಿಂತಲ್ಲೇ ಬೋರಲು ಹಾಕಿದರು.

ಪುಟ್ಟರಾಜು ತಿರುಗಿ ಓಡಿದ. ಅರ್ಧ ಗಂಟೆಯೊಳಗೆ ಮಠವೇ ಹೊಳೆಗೆ ಬಂತು. ಮುಂದೆ ಸ್ವಾಮಿಗಳು, ಬರಿಗಾಲು, ನಿನ್ನೆಯಿಂದ ಬರಿಹೊಟ್ಟೆ. ಹಿಂದೆ ರೇಷ್ಮೆ ಸೀರೆ, ಜರಿ ಪಂಚೆ, ಮೂಗಿಗೆ ಸೆರಗು, ಮೂಗಿಗೆ ಕರವಸ್ತ್ರ. ನಿತ್ಯ ಎಸೆಯುವವರಿಗೆ ಅಂದು ಮೊದಲ ಸಲ ನಾತ ಹೊಡೆದಿತ್ತು.

"ಏನು ಏಕಾಂತಯ್ಯ? ಮೂರು ಸಲ ಮೌನ ಮುರಿದೆಯಂತೆ?" ಸ್ವಾಮಿಗಳು ಕೇಳಿದರು.

ಅಯ್ಯನವರು ನೀರಿಗಿಳಿದು ನಾಲ್ಕನೆಯ ಬಿಂದಿಗೆ ತುಂಬಿ ತಂದು ಅವರ ಕಾಲ ಬಳಿ ಇಟ್ಟರು. "ಬುದ್ಧಿ, ಇನ್ನು ಮಾತಾಡಲ್ಲ. ಇದನ್ನ ಹೊತ್ಕೊಂಡು ಬತ್ತೀನಿ. ಆದ್ರೆ ಒಂದು ಬೊಗಸೆ ಇಲ್ಲೇ ತಗಳಿ. ಸೋಸಿಲ್ಲ, ಹಂಗೇ ಐತೆ. ನೀವು ತಗಂಡ್ರೆ ನಾನು ಹೊರ್ತೀನಿ, ಸಾಯೋಗಂಟ ಹೊರ್ತೀನಿ."

ಸ್ವಾಮಿಗಳು ಬಗ್ಗಿ ಬಿಂದಿಗೆಯೊಳಗೆ ನೋಡಿದರು. ನೀರಿನ ಮೇಲೆ ಕೊಬ್ಬರಿಯ ಚೂರೊಂದು ತಿರುಗುತ್ತಿತ್ತು. ಅಯ್ಯನವರಿಗೂ ಒಂದು ಆಸೆ ಇತ್ತು. ಇವರೊಬ್ಬರು ಬಾಯಿ ಬಿಟ್ಟು ಬೈದರೆ, ಈ ನೀರು ತಿಳಿಯಾಗುವವರೆಗೆ ನಾನು ಗದ್ದುಗೆಯ ಮುಂದೆ ಕೂರುವುದಿಲ್ಲ ಎಂದರೆ, ಮುನ್ನೂರು ಜನವೂ ಜರಿ ಪಂಚೆ ಎತ್ತಿ ಕಟ್ಟಿ ಹೊಳೆಗೆ ಇಳಿಯುತ್ತಾರೆ.

ಸ್ವಾಮಿಗಳು ನೆಟ್ಟಗಾದರು. "ಪುಟ್ಟರಾಜು, ಘಟಕದಿಂದ ಎರಡು ಕ್ಯಾನು ನೀರು ತಂದು ಗದ್ದುಗೆಗೆ ಇಡಪ್ಪ. ಹೊತ್ತಾಯಿತು."

ಅಷ್ಟೇ. ಜನರ ಎದೆಯಿಂದ ಒಂದು ದೊಡ್ಡ ನಿಟ್ಟುಸಿರು ಹೊರಟಿತು. ಅದು ಸಮಾಧಾನದ ನಿಟ್ಟುಸಿರು. ಎಲ್ಲರೂ ತಿರುಗಿದರು. "ಬುದ್ಧಿಯೋರು ಕಾಲಕ್ಕೆ ತಕ್ಕಂಗೆ ಅವ್ರೆ ಕಣ್ರೀ" ಎಂದು ಯಾರೋ ಮೆಚ್ಚಿಕೊಂಡರು. ಘಟಕಕ್ಕೆ ಐದರ ನಾಣ್ಯ ಹಾಕಿದವನು ಕುಮಾರಸ್ವಾಮಿಯೇ. ಪೂಜೆ ಸಾಂಗವಾಗಿ ನಡೆಯಿತು, ತಳ ಹಿಡಿದ ಪಾಯಸವನ್ನೂ ಜನ ಎರಡೆರಡು ಸಲ ಹಾಕಿಸಿಕೊಂಡು ಉಂಡರು.

ಅಮಾವಾಸ್ಯೆಯ ಮಾರನೆಯ ದಿನ ಸಮಿತಿ ಸೇರಿ ಇನ್ನು ಮುಂದೆ ಅಗ್ಗಣಿ ಘಟಕದಿಂದಲೇ ಎಂದು ತೀರ್ಮಾನಿಸಿತು. ಅಯ್ಯನವರಿಗೆ ಒಂದು ಶಾಲು ಹೊದಿಸಿ ಸನ್ಮಾನ ಮಾಡುವುದೆಂದೂ ಬರೆದುಕೊಂಡರು. ಅವರು ಹೋಗಲಿಲ್ಲ. ಕುಮಾರಸ್ವಾಮಿ ಮನೆಗೇ ತಂದ. ಕಾಂತಮ್ಮ ಶಾಲನ್ನು ಹಾಗೆಯೇ ಅವನ ಸ್ಕೂಟರಿನ ಮೇಲೆ ಇಟ್ಟು ಬಾಗಿಲು ಹಾಕಿಕೊಂಡರು.

ಈಗ ಲಿಂಗಕ್ಕೆ ಹೊಳೆ ಬೇಕಿಲ್ಲ, ಆದ್ದರಿಂದ ಹೊಳೆ ಯಾರಿಗೂ ಬೇಕಿಲ್ಲ. ಮೊದಲು ಕವರಿಗೆ ಗಂಟಾದರೂ ಹಾಕುತ್ತಿದ್ದರು, ಈಗ ಅದೂ ಇಲ್ಲ. ಮೊದಲು ಎಸೆದ ಮೇಲೆ ಕೈ ಮುಗಿಯುತ್ತಿದ್ದರು, ಈಗ ಕೈ ಒರೆಸಿಕೊಂಡು ಹೋಗುತ್ತಾರೆ.

ಅಯ್ಯನವರು ಮಾತ್ರ ಐದಕ್ಕೇ ಏಳುತ್ತಾರೆ. ಬರಿಗೈಯಲ್ಲಿ ಹೋಗಿ ಮೆಟ್ಟಿಲ ಮೇಲೆ ಕೂರುತ್ತಾರೆ. ಕವರು ಹಿಡಿದು ಬಂದವರಿಗೆ ಹೆಸರು ಹಿಡಿದು, ಅವರ ಅಪ್ಪ ಅಜ್ಜನ ಹೆಸರು ಹಿಡಿದು ಬೈಯುತ್ತಾರೆ. ನಲವತ್ತು ವರ್ಷದ ಬಾಕಿ ಬೈಗುಳ, ಅಷ್ಟು ಬೇಗ ಮುಗಿಯುವಂಥದ್ದಲ್ಲ. ಮೆಟ್ಟಿಲ ಹತ್ತಿರ ಈಗ ಯಾರೂ ಸುಳಿಯುವುದಿಲ್ಲ. ರಾಮಾನುಜ ಮೇಷ್ಟ್ರು ಒಡ್ಡಿನ ಆಚೆಗೆ ಹೋಗುತ್ತಾರೆ, ಕುಮಾರಸ್ವಾಮಿಯ ಸ್ಕೂಟರು ರೈಲು ಸೇತುವೆಯ ಮೇಲೆಯೇ ನಿಲ್ಲುತ್ತದೆ.

ಮೊನ್ನೆ ಅವರು ಬೈದು ದಣಿದು ಮನೆಗೆ ಬಂದಾಗ ಹೇಮಲತಾ ಇರಲಿಲ್ಲ. ಮಗು ತೊಟ್ಟಿಲಲ್ಲಿ ಅಳುತ್ತಿತ್ತು. ಮೊದಲೆಲ್ಲ ಅವಳಿಗೆ ಹೊಳೆಗೆ ಹೋಗಿ ಬರಲು ಹತ್ತು ನಿಮಿಷ ಹಿಡಿಯುತ್ತಿತ್ತು, ಈಗ ಅರ್ಧ ಗಂಟೆಯಾಯಿತು. ಕಡೆಗೆ ಬಂದಳು. ಸೀರೆಯ ಅಂಚಿಗೆ ಮುಳ್ಳು ಹತ್ತಿತ್ತು. ಲೈನಿನ ಪಕ್ಕದ ಮೋರಿಯ ಹತ್ತಿರ ಮಾತ್ರ ಬೆಳೆಯುವ ಮುಳ್ಳು ಅದು. ಮಾವ ನೋಡಿದ್ದನ್ನು ಅವಳು ನೋಡಿದಳು. ಕೈತೊಳೆದು ಬಂದು ರೊಟ್ಟಿ ಬಡಿಸಿದಳು.

ಅಯ್ಯನವರು ಒಂದು ತುತ್ತು ಮುರಿದು ಕೈಯಲ್ಲೇ ಹಿಡಿದುಕೊಂಡರು. "ಆ ಮೋರಿ ನೀರು ಎಲ್ಲಿಗೆ ಬಂದು ಸೇರ್ತದೆ ಗೊತ್ತಾ ಹೇಮಾ?"

"ಗೊತ್ತು ಮಾವ" ಎಂದಳು ಅವಳು. "ನಿಮ್ಮ ಮೆಟ್ಲಿಗೇ."